ಭಟ್ಟಿಯ ಮುಂದೆ ಸೊಂಟದ ಚೀಲ

ಅಕ್ಕಾ,

ಇಲ್ಲ, ನಾನು ಕದ್ದು ತಿಂದಿಲ್ಲ. ಬೇಕರಿಯಲ್ಲಿ ಕೆಲಸ ಮಾಡುವವನಿಗೆ ಶುಗರ್ ಏರಿದರೆ ಬೇರೆ ಸಾಕ್ಷಿ ಏಕೆ, ಬೆಕ್ಕಿನ ಮೀಸೆಗೆ ಹಾಲು ಅಂಟಿದ ಹಾಗಾಯಿತಲ್ಲ ಅಂತ ನೀನು ಅಂದುಕೊಂಡೆ. ಸಾಲದ್ದಕ್ಕೆ ನಾನು ಸ್ನಾನಕ್ಕೆ ಹೋದಾಗ ನನ್ನ ಸೊಂಟದ ಚೀಲದ ಜಿಪ್ ಎಳೆದು ನೋಡಿದೆ. ಪೆಪ್ಪರ್‌ಮೆಂಟಿನ ಖಾಲಿ ಕಾಗದ ಸಿಕ್ಕಿತು. ಅಲ್ಲಿಗೆ ಕೇಸು ಮುಗಿಯಿತು. "ನೀನೂ ಅಪ್ಪನ ದಾರೀನೇ ಹಿಡಿದ್ಯಲ್ಲೋ" ಅಂದವಳು ಅವತ್ತಿನಿಂದ ಮಾತು ಬಿಟ್ಟಿದ್ದೀಯ. ತಟ್ಟೆ ಮಾತ್ರ ನನ್ನ ಮುಂದೆ ಠಣ್ ಅಂತ ಬಂದು ಕೂರುತ್ತದೆ. ತಟ್ಟೆಯ ಜೊತೆ ವಾದ ಮಾಡಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನ ರಜಾ ಅರ್ಜಿಯ ನಂತರ ಇಷ್ಟುದ್ದ ಬರೆಯುತ್ತಿರುವುದು ಈಗಲೇ. ತಪ್ಪಿದ್ದರೆ ಸುಧಾರಿಸಿಕೊ.

ಮೊದಲು ಆ ಕಾಗದದ ವಿಷಯ. ಅದರೊಳಗಿನ ಪೆಪ್ಪರ್‌ಮೆಂಟು ತಿಂದದ್ದು ಚೀಲ ಕೊಂಡ ಹೊಸದರಲ್ಲಿ, ಬಸ್ಸಿನಲ್ಲಿ, ಶುಗರ್ ಇಳಿದು ಕೈ ನಡುಗಿ, ಎದುರಿನ ಸೀಟಿನವರ ತಲೆ ಎರಡೆರಡು ಕಾಣಲು ಶುರುವಾದಾಗ. ಹಾಗಾದಾಗ ಸಿಹಿ ತಿನ್ನಲೇಬೇಕು ಅಂತ ಡಾಕ್ಟರಮ್ಮ ನಿನ್ನೆದುರಿಗೇ ಹೇಳಿದ್ದರು. ಆದರೂ ಆ ಕಾಗದ ನೋಡಿದಾಗ ನಿನಗೆ ನೆನಪಾದದ್ದು ಅವರ ಮಾತಲ್ಲ, ಅಪ್ಪನ ಕನ್ನಡಕದ ಡಬ್ಬಿ. ಕನ್ನಡಕ ಹೊರಗೆ ಬಿದ್ದಿರುತ್ತಿತ್ತು, ಡಬ್ಬಿಯೊಳಗೆ ಮಿಠಾಯಿ ಇರುತ್ತಿತ್ತು. ಅಪ್ಪನ ಕಾಲಿನ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ನೀನು. ನಾನು ಆಗ ವಾಸನೆಗೆ ಹೆದರಿ ಬೀದಿಗೆ ಓಡುತ್ತಿದ್ದೆ. ಹಾಗಾಗಿ ನೀನು ಹೆದರಿದ್ದು ತಪ್ಪು ಅಂತ ಹೇಳುವ ಬಾಯಿ ನನಗಿಲ್ಲ.

ಆದರೆ ಆ ಚೀಲವನ್ನು ಕಳ್ಳತನಕ್ಕೆ ಕೊಂಡೆ ಅಂದೆಯಲ್ಲ, ಅದು ಚುಚ್ಚಿತು. ಇನ್ಸುಲಿನ್ ಇಟ್ಟುಕೊಳ್ಳಲು ಆಸ್ಪತ್ರೆಯಲ್ಲಿ ಕೊಟ್ಟ ಡಬ್ಬಿಯನ್ನು "ಎಲ್ರಿಗೂ ಕಾಣೋ ಹಾಗೆ ಹೆಗಲಿಗೆ ಹಾಕ್ಕೊ, ಬಿದ್ರೆ ಎತ್ತೋರಿಗೆ ಗೊತ್ತಾಗ್ಲಿ" ಅಂತ ನೀನು ಹಟ ಹಿಡಿದಿದ್ದೆ. ಅದನ್ನು ನೇತುಹಾಕಿಕೊಂಡರೆ ನಾನು ಬೇಕರಿಗೆ ಬಂದವನೋ ಮನೆ ಮನೆಗೆ ಪೋಲಿಯೋ ಹನಿ ಹಾಕಲು ಹೊರಟವನೋ ಅಂತ ಜನ ಕೇಳುತ್ತಿದ್ದರು. ನಮ್ಮ ಬೇಕರಿಯಲ್ಲಿ ಹಿಂದೆ ಒಬ್ಬನಿಗೆ ಮೂರ್ಛೆ ಬರುತ್ತಿತ್ತು. ಗೊತ್ತಾದ ದಿನವೇ ಮಾಸ್ಟರ್ ಅವನನ್ನು ಭಟ್ಟಿಯಿಂದ ಎಬ್ಬಿಸಿ ಕೇಕಿನ ಡಬ್ಬಿ ಮಡಿಸಲು ಕೂರಿಸಿದರು. ಪಾಪ, ಮಡಿಸಿ ಮಡಿಸಿ ಅವನೇ ಮಡಿಚಿಹೋದ. ಒಂದು ಕಡೆ ಕೂತರೆ ನನ್ನ ಕಾಲಿಗೆ ಇರುವೆ ಹತ್ತುತ್ತದೆ ಅಂತ ನಿನಗೆ ಗೊತ್ತಲ್ಲ. ಭಟ್ಟಿಯ ಮುಂದೆ ಮಾತ್ರ ನಾನು ನಿಲ್ಲುತ್ತೇನೆ. ಬ್ರೆಡ್ಡಿನ ಬೆನ್ನು ಕೆಂಪಾಗುವುದನ್ನು ಕಾಯುವಾಗ ಮಾತ್ರ ನನಗೆ ಅವಸರ ಇರುವುದಿಲ್ಲ.

ಅದಕ್ಕೇ ಚೀಲ ಹುಡುಕಿದೆ. ಅಂಗಡಿಯವನು ತೋರಿಸಿದ ಮೊದಲನೆಯದಕ್ಕೆ ಜೇಬುಗಳೇ ಜೇಬು, ಬೆಟ್ಟ ಹತ್ತುವವರದ್ದು. ಇನ್ನೊಂದು ಕಟ್ಟಿಕೊಂಡರೆ ಹೊಟ್ಟೆ ಮುಂದೆ ಬಂದು ದಿನ ತುಂಬಿದವಳ ಹಾಗೆ ಕಾಣುತ್ತಿದ್ದೆ. ಮತ್ತೊಂದರ ಜಿಪ್ ಬಳಿ ಹೊಳೆಯುವ ಬಿಲ್ಲೆ. ಕೊನೆಗೆ ಸಿಕ್ಕಿದ್ದು ಈ ಕಪ್ಪನೆಯದು. ಅಂಗೈ ಅಗಲ, ಒಂದೇ ಜಿಪ್, ಎಳೆದರೆ ಹಿಗ್ಗುವ ಪಟ್ಟಿ. ಇನ್ಸುಲಿನ್ ಪೆನ್ನು, ಶುಗರ್ ನೋಡುವ ಪುಟ್ಟ ಮೆಷಿನ್, ನಾಲ್ಕು ಪೆಪ್ಪರ್‌ಮೆಂಟು ಹಿಡಿಸಿತು. ಶರ್ಟಿನೊಳಗೆ ಕಟ್ಟಿ ಬಗ್ಗಿದೆ, ಕೂತೆ, ಕೈ ಎತ್ತಿದೆ. ಕಾಣಲಿಲ್ಲ. ಅಂಗಡಿಯವನು, "ಏನ್ ಸಾರ್, ಸರ್ಕಸ್ಸಿಗಾ?" ಅಂದ.

ಬೇಕರಿಯಲ್ಲೂ ಯಾರಿಗೂ ಕಾಣಲಿಲ್ಲ. ಕ್ರೀಮಣ್ಣ ಒಬ್ಬ ಬಿಟ್ಟು. ಕೇಕಿಗೆ ಕ್ರೀಮು ಹಚ್ಚುವ ಅವನ ಕಣ್ಣು ಕೂದಲೆಳೆಯನ್ನೂ ಬಿಡುವುದಿಲ್ಲ. "ಏನೋ ಅದು ಹೊಟ್ಟೆ ಮೇಲೆ, ಯಾರ್ದೋ ಪ್ರೇಮಪತ್ರಾನ?" ಅಂದ. "ಹೂಂ, ಮುಂದೆ ನನ್ನ ಕಟ್ಕೊಳ್ಳೋಳ್ದು" ಅಂದೆ. ನಕ್ಕು ಕೇಕಿನ ಕಡೆ ತಿರುಗಿದ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೇ ಶುಗರ್ ಏರತೊಡಗಿದ್ದು. ಹೊತ್ತಿಗೆ ಸರಿಯಾಗಿ ಚುಚ್ಚಿಕೊಳ್ಳುತ್ತೇನೆ, ಅಳೆದು ಉಣ್ಣುತ್ತೇನೆ, ಆದರೂ ಏರುತ್ತದೆ. ನೀನು ದುರುಗುಟ್ಟಿ ನೋಡುತ್ತೀಯ. ನಾನೇ ನಿದ್ದೆಗಣ್ಣಿನಲ್ಲಿ ಎದ್ದು ತಿನ್ನುತ್ತೇನೇನೋ ಅಂತ ನನಗೇ ಅನುಮಾನ ಬಂತು.

ಗೊತ್ತಾದದ್ದು ಮೊನ್ನೆ. ಹೊಸಬನೊಬ್ಬ ಈಸ್ಟಿನ ಡಬ್ಬಿಯನ್ನು ಭಟ್ಟಿಯ ಪಕ್ಕದ ಕಟ್ಟೆಯ ಮೇಲೆ ಮರೆತುಬಿಟ್ಟಿದ್ದ. ಆ ಈಸ್ಟು ಹಾಕಿ ಕಲಸಿದ ಹಿಟ್ಟು ಏಳಲೇ ಇಲ್ಲ, ಬೋರಲು ಬಿದ್ದ ಎಮ್ಮೆಯ ಹಾಗೆ ಮಲಗಿತ್ತು. ಮಾಸ್ಟರ್ ಕೂಗಾಡಿದರು. "ಬಿಸಿಗೆ ಸತ್ತೋಗಿದೆ ಕಣಯ್ಯಾ ಅದು. ಸತ್ತಿದ್ದನ್ನ ಎಷ್ಟು ಸುರಿದ್ರೂ ಏಳುತ್ತೇನೋ?"

ಬೈಸಿಕೊಂಡವನು ಅವನು, ಬೆವರಿದವನು ನಾನು. ಭಟ್ಟಿಯ ಬಾಯಿ ಸರಿಯಾಗಿ ನನ್ನ ಹೊಟ್ಟೆಯ ಎತ್ತರಕ್ಕಿದೆ. ದಿನವಿಡೀ ಅದರೆದುರು ನಿಲ್ಲುತ್ತೇನೆ. ಯಾರಿಗೂ ಕಾಣಬಾರದು ಅಂತ ನಾನು ಚೀಲ ಕಟ್ಟಿದ್ದು ಅಲ್ಲೇ, ಹೊಟ್ಟೆಯ ಮೇಲೆ. ಬನ್ನಿನ ಜೊತೆ ನನ್ನ ಔಷಧಿಯೂ ಬೇಯುತ್ತಿತ್ತು ಅಕ್ಕಾ. ನಾನು ಚುಚ್ಚಿಕೊಳ್ಳುತ್ತಿದ್ದದ್ದು ಬರೀ ನೀರು. ಮೆಡಿಕಲ್ ಅಂಗಡಿಯವರನ್ನು ಕೇಳಿದೆ. "ಬಿಸಿ ತಗುಲಿದ್ರೆ ಅದು ಕೆಲಸಕ್ಕೆ ಬರಲ್ಲಪ್ಪ, ಎಸೀರಿ" ಅಂದರು. ಫ್ರಿಜ್ಜಿನಲ್ಲಿದ್ದ ಹೊಸ ಪೆನ್ನು ತೆಗೆದೆ. ನಿನ್ನೆ ಶುಗರ್ ಇಳಿಯಿತು, ಇವತ್ತು ಬೆಳಿಗ್ಗೆ ಇನ್ನೂ ಇಳಿದಿದೆ. ಮೆಷಿನನ್ನು ಈ ಕಾಗದದ ಪಕ್ಕದಲ್ಲೇ ಇಟ್ಟಿರುತ್ತೇನೆ, ಗುಂಡಿ ಒತ್ತಿದರೆ ಹಿಂದಿನದೆಲ್ಲ ತೋರಿಸುತ್ತದೆ, ನೋಡಿಕೊ. ಇವತ್ತಿಗೆ ನನಗೆ ಬೇಕರಿಯಲ್ಲಿ ಮಾಸ್ಟರ್ ಅವರ ಶುಗರ್ ಮೆಷಿನ್ ಇದೆ.

ಮಾಸ್ಟರ್ ಅವರ ಮೆಷಿನ್ ಎಲ್ಲಿಂದ ಬಂತು ಅಂತ ಕೇಳುತ್ತೀಯ. ಭಟ್ಟಿಯ ಕೆಲಸ ಹೋದರೆ ಹೋಗಲಿ ಅಂತ ನಿನ್ನೆ ಅವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಕೈಯ ಹಿಟ್ಟು ಉಜ್ಜಿಕೊಂಡರು. ಆಮೇಲೆ ಕ್ರೀಮಿನ ಫ್ರಿಜ್ ತೆರೆದು, ಚೆರ್ರಿ ಡಬ್ಬಿ ಆಚೆ ತಳ್ಳಿ, "ಔಷಧಿ ಇಲ್ಲಿಡು. ಕ್ರೀಮಣ್ಣಂಗೆ ಹೇಳಿಡು, ಇಲ್ಲಾಂದ್ರೆ ಅದನ್ನೂ ಕೇಕಿಗೆ ಹಚ್ಚಿಬಿಟ್ಟಾನು" ಅಂದರು. ಅವರ ಹೆಂಡತಿಗೂ ಶುಗರ್ ಅಂತೆ, ಅವರದೊಂದು ಮೆಷಿನ್ ಅಂಗಡಿಯಲ್ಲೇ ಇರುತ್ತದಂತೆ. ಆಮೇಲೆ ಕೇಳಿದರು, "ಬಿದ್ರೆ ಏನ್ ಮಾಡ್ಬೇಕು, ಹೇಳು." ಚೀಲ ಬಿಚ್ಚಿ ತೋರಿಸಿದೆ, ಪೆಪ್ಪರ್‌ಮೆಂಟು ಎಲ್ಲಿದೆ, ಯಾವಾಗ ಕೊಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು ಅಂತ. ಎರಡು ಸಲ ಹೇಳಿಸಿಕೊಂಡರು. "ಭಟ್ಟಿ ಹತ್ರ ಒಬ್ನೇ ಇರ್ಬೇಡ, ಅಷ್ಟೇ. ಉಳಿದದ್ದು ನಿಮ್ಮಕ್ಕ ನೋಡ್ಕೊಳ್ಲಿ" ಅಂದರು.

ಚೀಲ ಬದಲಿಸಲಿಲ್ಲ. ಅದೇ ಕಪ್ಪು ಚೀಲ ಸಾಕು. ಈಗ ಅದರಲ್ಲಿ ಸಿಹಿ ಮಾತ್ರ, ಕಟ್ಟುವುದು ಶರ್ಟಿನ ಮೇಲೆ, ಬೆನ್ನ ಕಡೆಗೆ. ದಾರಿಯಲ್ಲಿ ಹೋಗುವವರಿಗೆ ಏನೂ ತಿಳಿಯದು, ತಿಳಿಯಬೇಕಾದವರಿಗೆ ತಿಳಿದಿದೆ.

ಉಳಿದದ್ದು ಸೋಮವಾರದ ಮಾತು. ಅವತ್ತಿನಿಂದ ಬೇಕರಿ ಬಿಡಿಸಿ ಕೂರಿಸಬೇಕು ಅಂತ ನೀನು ತೀರ್ಮಾನಿಸಿರುವ ಭಾವನ ಜೆರಾಕ್ಸ್ ಅಂಗಡಿಗೆ ನಾನು ಬರುವುದಿಲ್ಲ. ಬೆಳಿಗ್ಗೆ ಭಾವನಿಗೇ ಹೇಳಿದೆ. "ನಂಗೆ ಹೇಳೋದು ಸುಲಭ, ಹೈಕಮಾಂಡಿಗೆ ಹೇಳು" ಅಂತ ನಕ್ಕರು. ಹೈಕಮಾಂಡಿಗೆ ಹೇಳುತ್ತಿದ್ದೇನೆ. ನನ್ನನ್ನು ಕಣ್ಣೆದುರಿಗೆ ಕೂರಿಸಿಕೊಂಡರೆ ನಿನಗೆ ನೆಮ್ಮದಿ, ಗೊತ್ತು. ಅಪ್ಪನನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದೆಯಲ್ಲ ಅಕ್ಕಾ. ಇದನ್ನು ಚುಚ್ಚಲು ಬರೆಯುತ್ತಿಲ್ಲ. ಅಪ್ಪ ಹೋದದ್ದು ನಿನ್ನ ಕಾವಲು ತಪ್ಪಿ ಅಲ್ಲ ಅಂತ ಯಾರೂ ನಿನಗೆ ಹೇಳಿಲ್ಲ. ನಾನಾದರೂ ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ.

ಇನ್ನು ಮುಂದೆ ಜಿಪ್ ಎಳೆದು ನೋಡಬೇಕು ಅನಿಸಿದರೆ ನನ್ನನ್ನೇ ಕೇಳು, ನಾನೇ ಬಿಚ್ಚಿ ತೋರಿಸುತ್ತೇನೆ. ಸಂಜೆ ಬರುವಾಗ ನನ್ನ ಕೈಯಾರೆ ಬೇಯಿಸಿದ ಬ್ರೆಡ್ಡು ತರುತ್ತೇನೆ. ನಿನಗೆ ಮತ್ತು ಭಾವನಿಗೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ, ನಿಂತಲ್ಲಿ ನಿಲ್ಲದ
ನಿನ್ನ ತಮ್ಮ

ಬೇಕರಿಗೆ ಹೊತ್ತಾಯಿತು. ಚಪ್ಪಲಿ ಮೆಟ್ಟಿದ್ದೇನೆ. ಬಾಗಿಲು ಎಳೆದುಕೊಂಡು ಹೊರಟೆ.