ಬಾಗಿದ ಗೋಡೆಯನ್ನು ನೇರ ಮಾಡಿದ ಅಧ್ಯಕ್ಷರಿಗೆ

ಸುವಾನಿ, 28 ಏಪ್ರಿಲ್ 1996

ಕನ್ನಡ ಸಂಘದ ಕಟ್ಟಡ ಸಮಿತಿಯ ಮಾನ್ಯ ಅಧ್ಯಕ್ಷರೇ,

ಪಕ್ಕದ ಊರು ಡುಲುತ್‌ನಲ್ಲಿರುವ ನಮ್ಮ ಸಂಘದ ಸಭಾಂಗಣದಿಂದ ಹದಿನೇಳು ಜನ ಕೂರುವಷ್ಟು ಜಾಗವನ್ನು ನೀವು ಕಂಪ್ಯೂಟರಿನ ಮುಂದೆ ಕುಳಿತು ಅಳಿಸಿಹಾಕಿದ್ದೀರಿ. ಅದರ ಫಲವಾಗಿ, ಮೇ 25ರಂದು ಅಲ್ಲಿ ನಡೆಯಬೇಕಾದ ನಮ್ಮ ಆರತಕ್ಷತೆಗೆ, ನಾವಿಬ್ಬರೂ ಸೇರಿ ನೂರ ಹತ್ತಾಗುವ ಪಟ್ಟಿಯಿಂದ ಹದಿನಾಲ್ಕು ಜನರನ್ನು ಕೈಬಿಡಬೇಕೆಂದು ನಿಮ್ಮ ಅಪ್ಪಣೆಯಾಗಿದೆ. ನನಗೆ ಮದುವೆಯಾಗಿ ಒಂಬತ್ತು ವಾರ. ಪ್ರಪಂಚದಲ್ಲಿ ಯಾರ ಮೇಲೂ ಸಿಟ್ಟಿಲ್ಲದ ಕಾಲ ಇದು. ನನ್ನ ಗಂಡ ಸಮರ್ಥ್ ಬೆಳಗ್ಗೆ ತಳ ಹತ್ತಿಸುವ ಉಪ್ಪಿಟ್ಟನ್ನೂ ಹೊಗಳಿಕೊಂಡೇ ತಿನ್ನುತ್ತಿದ್ದೇನೆ. ಅಂಥವಳಿಗೂ ಸಿಟ್ಟು ಬರಿಸಿದ ಕೀರ್ತಿ ಪೂರ್ತಿಯಾಗಿ ನಿಮ್ಮದು.

ಈ ಬಹಿರಂಗ ಪತ್ರ ಓದುವ ಸದಸ್ಯರಿಗೆಲ್ಲ ತಿಳಿಯಲಿ ಎಂದು ನಿಮ್ಮ ಸಾಹಸವನ್ನು ವಿವರಿಸುತ್ತೇನೆ. ನಮ್ಮ ಸಭಾಂಗಣ ಹಿಂದೆ ಸೋಫಾ ಮಾರುವ ಅಂಗಡಿಯಾಗಿತ್ತು. ಮೂರು ಗೋಡೆ ನೇರ, ಪಾರ್ಕಿಂಗ್ ಕಡೆಯ ಗಾಜಿನ ಗೋಡೆ ಮಾತ್ರ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದೆ. ನೀವು ನಕ್ಷೆ ಬರೆಯುವ ಹೊಸ ಸಾಫ್ಟ್‌ವೇರ್ ಕೊಂಡಿರಿ, ವಿಸ್ತೀರ್ಣ ಅಳೆಯಲು ಒಂದೊಂದೇ ಮೂಲೆಯ ಮೇಲೆ ಕ್ಲಿಕ್ ಮಾಡಿದಿರಿ. ಹಾಗೆ ಮಾಡಿದರೆ ಅದು ಒಂದು ಬಿಂದುವಿನಿಂದ ಮುಂದಿನ ಬಿಂದುವಿಗೆ ನೇರ ಗೆರೆಯನ್ನೇ ಹಿಡಿಯುತ್ತದೆ. ಗಾಜಿನ ಗೋಡೆಯ ಎರಡು ತುದಿಗಳನ್ನು ಮುಟ್ಟಿದಿರಿ. ನಡುವಿನ ಬಾಗು ಹಾಗೆಯೇ ಹೊರಗುಳಿಯಿತು. ಬಂದದ್ದು 1440 ಚದರ ಅಡಿ. ಮೇಜು ಕುರ್ಚಿ ಹಾಕಿದರೆ ತಲೆಗೆ ಹದಿನೈದು ಚದರ ಅಡಿಯಂತೆ ತೊಂಬತ್ತಾರು ಜನ. ಎಷ್ಟು ಜನ ಸೇರಬಹುದೆಂದು ಮಿತಿ ಹಾಕುವ ಅಗ್ನಿಶಾಮಕ ಇಲಾಖೆಯವರು ನೀವು ಕೊಟ್ಟ ಅಂಕಿಯನ್ನು ಭಾಗಿಸಿದರು, ಅಷ್ಟೇ. ಅವರಿಗೇನು ಗೊತ್ತು, ಪರದೆಯ ಮೇಲೆ ಮೂಡಿದ್ದನ್ನೆಲ್ಲ ನಂಬುವ ಭಕ್ತರೊಬ್ಬರು ನಮ್ಮಲ್ಲಿದ್ದಾರೆಂದು?

ಬೆಂಗಳೂರಿನಲ್ಲಿ ಎರಡು ವರ್ಷ ಇದೇ ಬಗೆಯ ಸಾಫ್ಟ್‌ವೇರಿನಲ್ಲಿ ನಕ್ಷೆ ಬರೆದು ಅನ್ನ ತಿಂದವಳು ನಾನು. ಹೇಳಿದರೆ ತಿದ್ದಿಕೊಳ್ಳುತ್ತೀರಿ ಎಂಬ ಭ್ರಮೆಯಿಂದ ಸಮರ್ಥ್ ಜೊತೆ ನಿಮ್ಮ ಮನೆಗೆ ಬಂದೆ.

"ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ," ಎಂದಿರಿ. "ನಾನು ಈ ದೇಶಕ್ಕೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ನೀನು ಬಂದು ಎಷ್ಟು ದಿನ ಆಯ್ತು?"

"ಇಪ್ಪತ್ತು ದಿನ ಅಂಕಲ್. ಗೋಡೆ ಅದಕ್ಕಿಂತ ಮುಂಚೆನೇ ಬಾಗಿತ್ತು," ಎಂದೆ.

ಅಡುಗೆಮನೆಯಿಂದ ನಿಮ್ಮ ಪತ್ನಿ, ಆಂಟಿ, ನಕ್ಕದ್ದು ನನಗೆ ಕೇಳಿಸಿತು. ನಿಮಗೂ ಕೇಳಿಸಿರಬೇಕು. ಆಮೇಲೇ ನೀವು ಪರಿಹಾರ ಸೂಚಿಸಿದ್ದು: "ಆ ಕ್ಯಾರೊಲೈನಾ ಕಡೆಯವರನ್ನ ಡ್ರಾಪ್ ಮಾಡಿ. ಅಷ್ಟು ದೂರ ಯಾರು ಡ್ರೈವ್ ಮಾಡ್ತಾರೆ?"

ಮಾನ್ಯರೇ, ಆ ಕ್ಯಾರೊಲೈನಾ ಕಡೆಯವರು ಯಾರು ಗೊತ್ತೇ? ಷಾರ್ಲಟ್‌ನ ಮಹಾಂತಪ್ಪ ಅಂಕಲ್ ಮತ್ತು ರೇಣುಕಾದೇವಿ ಆಂಟಿ. ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದ ಸಮರ್ಥ್‌ನನ್ನು ನಾಲ್ಕು ತಿಂಗಳು ತಮ್ಮ ಬೇಸ್‌ಮೆಂಟಿನಲ್ಲಿ ಇಟ್ಟುಕೊಂಡು, ಊಟ ಹಾಕಿ, ಕಾರು ಓಡಿಸುವುದನ್ನು ಕಲಿಸಿ ಕಳಿಸಿದವರು. ಆ ಬೇಸ್‌ಮೆಂಟಿನ ವಿಸ್ತೀರ್ಣವನ್ನು ಅವರು ಅಳೆದು ನೋಡಿರಲಿಲ್ಲ. ಆಮಂತ್ರಣದಲ್ಲಿ ನಾವೇ ಸಕುಟುಂಬ ಸಪರಿವಾರ ಎಂದು ಅಚ್ಚು ಹಾಕಿಸಿದ್ದೇವೆ. ಅವರು ಅದನ್ನು ಮನಸಾರೆ ನಂಬಿ, ಸಮರ್ಥ್‌ನ ಅಲ್ಲಿಯ ಗೆಳೆಯರನ್ನೂ ಕೂಡಿಸಿಕೊಂಡು ಎರಡು ವ್ಯಾನುಗಳಲ್ಲಿ ಹದಿನಾಲ್ಕು ಜನ ಹೊರಡುತ್ತಿದ್ದಾರೆ. "ನಮ್ಮನೆ ಹುಡುಗನ ಆರತಕ್ಷತೆ. ಚಿರೋಟಿ ನಾನೇ ಮಾಡ್ಕೊಂಡು ಬರ್ತೀನಿ, ಹೊರಗಿಂದ ತರಿಸ್ಬೇಡಿ," ಎಂದು ಆಂಟಿ ಫೋನಿನಲ್ಲಿ ತಾಕೀತು ಮಾಡಿದ್ದಾರೆ. ಬರಬೇಡಿ ಎಂದು ಈಗ ಆ ನಂಬರ್ ತಿರುಗಿಸುವವರು ಯಾರು? ನೀವೇ?

ಕಳೆದ ಭಾನುವಾರ ನಾವಿಬ್ಬರೇ ಟೇಪು ಹಿಡಿದು ಸಭಾಂಗಣಕ್ಕೆ ಹೋದೆವು. ಆ ತುದಿ ಅವನು, ಈ ತುದಿ ನಾನು. ಸಪ್ತಪದಿಯಲ್ಲೂ ನಾವು ಇಷ್ಟು ಎಚ್ಚರದಿಂದ ಹೆಜ್ಜೆ ಇಟ್ಟಿರಲಿಲ್ಲ. ಗಾಜಿನ ಗೋಡೆಯ ತುದಿಯಿಂದ ತುದಿಗೆ ನಲವತ್ತೆಂಟು ಅಡಿ; ನಟ್ಟನಡುವೆ ಬಾಗಿನ ಆಳ ಎಂಟು ಅಡಿ. ಗೆಳೆಯರೊಬ್ಬರ ಕಂಪ್ಯೂಟರಿನಲ್ಲಿ ಗೋಡೆಯ ಒಳಮೈ ಹಿಡಿದು, ಬಾಗನ್ನು ಬಾಗಾಗಿಯೇ ಎಳೆದು, ಗೆರೆಯನ್ನು ಶುರುವಾದ ಜಾಗಕ್ಕೇ ತಂದು ಮುಚ್ಚಿ, ಆ ಇಡೀ ಗೆರೆಯ ವಿಸ್ತೀರ್ಣ ಕೇಳಿದೆ. 1701 ಚದರ ಅಡಿ. ನೂರ ಹದಿಮೂರು ಜನ. ಹತ್ತು ನಿಮಿಷದ ಕೆಲಸ. ಆ ಹಾಳೆಯನ್ನು ನಿಮಗೆ ಕಳಿಸಿದ್ದಕ್ಕೆ, ಜೂನ್ ಸಭೆಯಲ್ಲಿ ಪರಿಶೀಲಿಸೋಣ ಎಂದು ಉತ್ತರ ಬಂತು. ಆರತಕ್ಷತೆ ಮೇ ತಿಂಗಳಲ್ಲಿದೆ ಎಂಬುದನ್ನೂ ಕಂಪ್ಯೂಟರೇ ಹೇಳಬೇಕಿತ್ತೇನೋ.

ಅಂದ ಹಾಗೆ, ಪ್ರತಿ ಸಭೆಯಲ್ಲೂ ನಿಮ್ಮ ಮೆತ್ತೆ ಹಾಕಿದ ಕುರ್ಚಿ ಎಲ್ಲಿರುತ್ತದೆ? ಅದೇ ಬಾಗಿನಲ್ಲಿ, ಗಾಜಿಗೆ ಒರಗಿಕೊಂಡು. ನಿಮ್ಮ ನಕ್ಷೆಯ ಪ್ರಕಾರ ಇಷ್ಟು ದಿನ ನೀವು ಪಾರ್ಕಿಂಗ್ ಲಾಟಿನಲ್ಲಿ ಕುಳಿತು ಅಧ್ಯಕ್ಷತೆ ವಹಿಸಿದ್ದೀರಿ.

ನನ್ನ ಬೇಡಿಕೆ ಇಷ್ಟೇ. ಈ ಶುಕ್ರವಾರದೊಳಗೆ ಸರಿಯಾದ ನಕ್ಷೆಗೆ ಸಹಿ ಹಾಕಿ ಅಗ್ನಿಶಾಮಕ ಇಲಾಖೆಗೆ ಕಳಿಸಿ. ಇಲ್ಲವಾದರೆ ಪಟ್ಟಿಯಿಂದ ಹದಿನಾಲ್ಕು ಜನರನ್ನು ನಾವೇ ಕೈಬಿಡುತ್ತೇವೆ. ನಿಮ್ಮ ಸಮಿತಿಯಲ್ಲಿ ಏಳು ಜನರಿದ್ದೀರಿ. ಪತ್ನಿಯರು ಸೇರಿ ಹದಿನಾಲ್ಕು. ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ! ಆದರೆ ಅಂದು ನಕ್ಕ ಆಂಟಿಯನ್ನು ಬಿಡಲು ನನಗೆ ಮನಸ್ಸಿಲ್ಲ. ಅವರು ಬರಲಿ. ಆಗ ನಿಮ್ಮ ತೊಂಬತ್ತಾರಕ್ಕೆ ಒಬ್ಬರು ಹೆಚ್ಚಾಗುತ್ತಾರೆ. ಚಿಂತೆ ಬೇಡ, ಆ ಒಬ್ಬಳು ನಾನೇ ಆಗುತ್ತೇನೆ: ರೇಷ್ಮೆ ಸೀರೆ ಉಟ್ಟು, ಗಾಜಿನ ಪಕ್ಕದ ನಿಮ್ಮ ಕುರ್ಚಿಯಲ್ಲಿ, ಅಂದರೆ ಕಟ್ಟಡದ ಹೊರಗೆ, ಕೂತಿರುತ್ತೇನೆ.

ಇಂತಿ,
ನಿಮ್ಮ ಲೆಕ್ಕದ ತೊಂಬತ್ತೇಳನೆಯವಳು,
ಮಧುರಾ ಸಮರ್ಥ್