ಕತ್ತರಿಸದ ಹಾಳೆಗಳು

ಮಡಗಾಂವ್, ಜುಲೈ ೨೦೦೬

ಕಾಕಾ ಅವರಿಗೆ ಮೃದುಲಾಳ ನಮಸ್ಕಾರ.

ನಾನು ಬೈಂಡಿಂಗ್ ಕೆಲಸಕ್ಕೆ ಬಂದಿರುವ ಈ ಮನೆಯಲ್ಲಿ ಎಪ್ಪತ್ತು ವರ್ಷದಿಂದ ಯಾರೂ ಓದದ ಪುಸ್ತಕವೊಂದು ಇಂದು ಸಿಕ್ಕಿತು. ಯಾರೂ ಓದಿಲ್ಲ ಎಂದು ಹೇಳಿದವರು ಮನೆಯೊಡತಿ ಅರ್ಮಿಂದಾಬಾಯಿ. ಲಿಸ್ಬನ್‌ನಲ್ಲಿ ಅಚ್ಚಾದ ಕವನಗಳು. ಬರೆದವರು ಅವರ ತಾಯಿ. ಪ್ರತಿ ಇದ್ದದ್ದು ತಂದೆಯ ಕಪಾಟಿನಲ್ಲಿ.

ಹಾಳೆಗಳ ಅಂಚಿನ ಮಡಿಕೆಯನ್ನೇ ಕತ್ತರಿಸಿರಲಿಲ್ಲ, ಎರಡೆರಡು ಹಾಳೆ ಕೂಡಿಕೊಂಡೇ ಇದ್ದವು. ನಿಮ್ಮ ಅಂಗಡಿಯಲ್ಲಿ ಕಲಿತ ನನಗೆ ಅದು ಬೈಂಡರನ ತಪ್ಪಾಗಿ ಕಂಡಿತು. ಚಾಕು ಎತ್ತಿದೆ.

"ತಡೀಯವಾ! ಆಗ ಆ ಕಡೆ ಪುಸ್ತಕ ಹಿಂಗ ಬರ್ತಿದ್ವು. ಓದಾವ್ರು ತಾವ ಕೊಯ್ಕೊಂತ ಓದಬೇಕು," ಎಂದರು. ಧಾರವಾಡದಲ್ಲಿ ಕಾಲೇಜು ಕಲಿತವರು, ನಮ್ಮ ಮಾತನ್ನೇ ಆಡುತ್ತಾರೆ. "ಅಪ್ಪ ಒಂದ್ ಹಾಳಿನೂ ಕೊಯ್ದಿಲ್ಲ ನೋಡು. ಅವ್ವ ಅದ ಕೊರಗಿನ್ಯಾಗ ಹೋದ್ಳು."

ಒಂದು ಮಡಿಕೆಯನ್ನು ಕೊಳವೆಯಂತೆ ಉಬ್ಬಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಒಳಗಿನ ಸಾಲುಗಳು ಹೊಳೆಯ ತಳದ ಕಲ್ಲುಗಳಂತೆ ಕಂಡವು. ಮೇಜಿನ ಮೇಲೆ ಕಂದು ಪುಡಿ ಉದುರಿತು. ಮುಂದಿನ ಮಡಿಕೆಯಿಂದಲೂ ಉದುರಿತು, ಕೊನೆಯದರಿಂದಲೂ. ಮೂಸಿದರೆ ನಶ್ಯ.

"ಈ ಮನ್ಯಾಗ ನಶ್ಯ ಏರಸ್ತಿದ್ದಾಂವ ಅಪ್ಪ ಒಬ್ಬನ," ಎಂದು ಅರ್ಮಿಂದಾಬಾಯಿ ಕುರ್ಚಿಯಲ್ಲಿ ಕೂತುಬಿಟ್ಟರು. ಆ ಪುಡಿಯನ್ನು ಬೆರಳಿಗೆ ಒತ್ತಿಕೊಂಡು ಮೂಸಿದರು. ಆಮೇಲೆ ಕಣ್ಣೊರೆಸಿಕೊಂಡು ನಕ್ಕರು. "ಕಳ್ಳ! ಕೊಯ್ಯದನ ಇಣಿಕಿ ಇಣಿಕಿ ಪೂರಾ ಓದ್ಯಾನ. ಅಕಿಗೆ ಒಂದ್ ಮಾತ್ ಹೇಳಬಾರದಿತ್ತೇನು?"

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ನಾಳೆ ಬೆಳಿಗ್ಗೆ ಪುಸ್ತಕಕ್ಕೆ ಹೊಸ ಹೊಲಿಗೆ ಹಾಕುತ್ತೇನೆ. ಹಾಳೆ ಕತ್ತರಿಸುವುದಿಲ್ಲ.

ಮೃದುಲಾ