ಉಡಿ ತುಂಬಿದ ಫೋಟೊ

ಜನವರಿ 16, ಶುಕ್ರವಾರ. ಬೆಳಿಗ್ಗೆ 6.40

ಕಂಪನಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಕಣ್ಣು ಉರೀತಿದೆ. ನಿನ್ನೆ 2-1. ಪ್ಲೇಆಫ್‌ಗೆ ಬಂದೆವು! ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್... ಅಮರ ಎಡಗಾಲು ಚಾಚಿ ತಡೆದ. ನಾನು ಕೂಗಿದ ಕೂಗಿಗೆ ಮಲಗಿದ್ದ ನನ್ನ ತಮ್ಮ, ಗೌರವ, ಎದ್ದು ಕೂತ. "ಕಳ್ಳ ಬಂದಾನೇನ ಅಕ್ಕಾ?" ಕ್ರಿಕೆಟ್ ನೋಡುವವನಿಗೆ ಹಾಕಿ ಏನು ತಿಳಿಯಬೇಕು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಅಮರ ನಮ್ಮ ಗಲ್ಲಿಯವನೇ. ಮಿರಜ ಸ್ಟೇಷನ್ ಹಿಂದಿನ ಬಯಲಲ್ಲಿ ನಾನು ಹೊಡೆದ ಚೆಂಡು ತಡೆದೂ ತಡೆದೂ ಕೀಪರ್ ಆದವನು. ನನ್ನ ಮೊಣಕಾಲು ಹೋಯಿತು. ಈಗ ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ವರ್ನಿಯರ್ ಹಿಡಿದು ಪಾರ್ಟು ಅಳೆಯುತ್ತೇನೆ. ಅವನು ಸಹ್ಯಾದ್ರಿ ಟೀಮಿನ ಕೀಪರ್. ಇಲ್ಲ, ಅಂಥದ್ದೇನೂ ಇಲ್ಲ. ನನಗೆ ಬೇಕಾದ್ದು ಕೀಪರ್, ಗಂಡ ಅಲ್ಲ.

ಅವನ ಫ್ಯಾನ್ ಪೇಜ್ ನಡೆಸೋದು ನಾನು ಅಂತ ಯಾರಿಗೂ ಗೊತ್ತಿಲ್ಲ. ಅವನಿಗೂ. 2,140 ಜನ. ಮರಾಠಿ ಶಾಲೆಯ ಗೌರವನಿಗೆ ಕನ್ನಡ ಓದಲು ಬರಲ್ಲ, ಹಾಗಾಗಿ ಈ ದಿನಚರಿ ವಹಿಯಲ್ಲಿ ಧೈರ್ಯವಾಗಿ ಬರೀಬಹುದು.

ಜನವರಿ 17, ಶನಿವಾರ. ಸಂಜೆ

ಇವತ್ತು ಟಿವಿಯವರು ಬಂದಿದ್ದರು. "ಆಟಗಾರರ ಮನೆ" ಅಂತ ಕಾರ್ಯಕ್ರಮವಂತೆ. ನಡೆಸಿಕೊಡೋಕೆ ಯಾರು? ಋತ್ವಿಜಾ! ಏಳೂವರೆ ಸೀರಿಯಲ್ಲಿನ ಸೊಸೆ ವೈಜಯಂತಿ! ಗಲ್ಲಿಗೆ ಗಲ್ಲಿಯೇ ಬಾಗಿಲಲ್ಲಿ. ಅಮರ ಇರಲಿಲ್ಲ, ಪುಣೆ ಕ್ಯಾಂಪಲ್ಲಿದ್ದಾನೆ. ಒಳಗೆ ಅವನ ಅವ್ವ ದುಂಡವ್ವ ಮಾವಶಿ, ಪಕ್ಕದ ಮನೆ ಪದ್ಮವ್ವ ಕಾಕು, ಚಹಾ ಸೋಸೋಕೆ ನಾನು.

ಸಂಕ್ರಾಂತಿ ಮುಗಿದು ಮೂರು ದಿನ, ಮನೆಮನೆಯಲ್ಲೂ ಮುತ್ತೈದೆಯರನ್ನು ಕರೆದು ಹಳದಿಕುಂಕುಮ. ಶೂಟಿಂಗ್ ಮುಗಿಸಿ ಆಕೆ ಎದ್ದಾಗ ಮಾವಶಿ ತಡೆದಳು. "ಮುತ್ತೈದಿ ಮನಿಗೆ ಬಂದಾಳ, ಬರೀ ಉಡೀಲೆ ಕಳಸೂದೇನ? ಕುಂದ್ರವಾ ವೈಜೂ." ಅಕ್ಕಿ, ತೆಂಗಿನಕಾಯಿ, ಬಾರಿಹಣ್ಣು, ಕಬ್ಬಿನ ತುಂಡು, ಒಂದು ರವಿಕೆ ಖಣ. ಆಕೆಗೆ ಕಕ್ಕಾಬಿಕ್ಕಿ. ಮೈಮೇಲೆ ಸೀರಿಯಲ್ಲಿನದೇ ಸೀರೆ, ಅದೇ ಮಂಗಳಸೂತ್ರ. ನಿಜದಲ್ಲಿ ಮದುವೆಯಾಗಿಲ್ಲ. ದಿನವಿಡೀ ಗೋದಾಮಿನಲ್ಲಿ ಅರಿಶಿನದ ಕೊಂಬು ಆರಿಸಿ ಬಂದು ಆ ಒಂದು ಸೀರಿಯಲ್ ನೋಡುವ ಮಾವಶಿಗೆ ಅದೆಲ್ಲಿ ಗೊತ್ತು! ಹುಡುಗಿ ಒಳ್ಳೆಯವಳು. ಮಾವಶಿಯನ್ನು ತಿದ್ದಲು ಹೋಗದೆ ಸೆರಗು ಒಡ್ಡಿದಳು. ಕಾಕು ಸೆಲ್ಫಿ ತೆಗೆದುಕೊಂಡಳು. ನಾನೂ ಒಂದು ಫೋಟೊ ತೆಗೆದೆ.

ಪೇಜಿಗೆ ಹಾಕಿದೆ. "ಅಮರನ ಅವ್ವ ಉಡಿ ತುಂಬಿದಳು" ಅಂತ ಮರಾಠಿಯಲ್ಲಿ ಬರೆದು, ಪಕ್ಕಕ್ಕೊಂದು ಉಂಗುರದ ಚಿತ್ರ. ಮದುವೆಯಾಗದ ಹುಡುಗಿಗೆ ಹುಡುಗನ ತಾಯಿ ಉಡಿ ತುಂಬಿದಳು ಅಂದರೆ ನಮ್ಮಲ್ಲಿ ಸಾಖರಪುಡಾ ಆಯ್ತು, ಮದುವೆ ಗಟ್ಟಿ ಆಯ್ತು ಅಂತಲೇ. ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಸುಮ್ಮನೆ, ಮೋಜಿಗೆ.

ಜನವರಿ 18, ಭಾನುವಾರ

61,000.

ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಚಾನೆಲ್‌ನಲ್ಲೂ ನಾನು ತೆಗೆದ ಫೋಟೊ. "ಹಾಕಿ ಹೀರೊ ಜತೆ ವೈಜಯಂತಿಯ ಗುಟ್ಟಿನ ಸಾಖರಪುಡಾ." ಅಳಿಸಿದೆ. ಅಳಿಸಿ ಏನು ಬಂತು, ಹಾಲು ಚೆಲ್ಲಿದ ಮೇಲೆ. ಆದರೂ... 2,140 ಇದ್ದ ಪೇಜಿಗೆ 61,000 ಜನ. ಖುಷಿಯಾಯಿತು ಅಂತಲೂ ಬರೆದುಬಿಡುತ್ತೇನೆ. ಸುಳ್ಳು ಯಾಕೆ.

ಜನವರಿ 20, ಮಂಗಳವಾರ. ರಾತ್ರಿ

ಕ್ವಾಲಿಫೈಯರ್ ಸೋತೆವು. 5-1. ಅಮರ ಅರ್ಧ ಆಟಕ್ಕೇ ನಾಲ್ಕು ಗೋಲು ಬಿಟ್ಟ. ಒಂದಂತೂ ಕಾಲುಗಳ ನಡುವೆ, ಹತ್ತು ವರ್ಷದ ಪೋರನೂ ಬಿಡದಂಥದ್ದು. ಕೋಚ್ ಅವನನ್ನು ಕೂರಿಸಿ ಬದಲಿ ಕೀಪರ್ ಸುಶಾಂತನನ್ನು ಇಳಿಸಿದ. ಶುಕ್ರವಾರ ಇನ್ನೊಂದು ಅವಕಾಶ ಇದೆ, ಅದೇ ಕೊನೆ.

ಜನ ಬೈಯುತ್ತಿರುವುದು ಆ ಹುಡುಗಿಯನ್ನು. ಪನವತಿ, ಕಾಲ್ಗುಣ ಸರಿಯಿಲ್ಲ... ಓದೋಕಾಗಲ್ಲ. ಕಾಲು ಚಾಚದೆ ನಿಂತವನು ಅವನು, ಕಾಲ್ಗುಣ ಇವಳದಂತೆ! ಸಿಟ್ಟು ಬಂತು. ಉತ್ತರ ಬರೆಯಲು ಹೋದೆ. ಯಾವ ಬಾಯಿಂದ ಬರೀಲಿ? ಫೋನ್ ಮಗುಚಿಟ್ಟೆ.

ಜನವರಿ 21, ಬುಧವಾರ

ಅಮರ ಫೋನ್ ಮಾಡಿದ್ದನಂತೆ. "ಅವ್ವಾ, ಮನಿ ಒಳಗಿನ ಫೋಟೊ ಹೊರಗ ಯಾರು ಕೊಟ್ರು?" ಅಂತ ಕೇಳಿ ಅತ್ತನಂತೆ. ಟೀಮಿನವರೆಲ್ಲ ಭಾವಾ ಅಂದಂಗೆ ಜೀಜಾ ಜೀಜಾ ಅಂತ ಕಾಡ್ತಾರಂತೆ. ಆಮೇಲೆ ಕೋಚ್ ಅವನ ಫೋನ್ ಕಸಿದಿಟ್ಟುಕೊಂಡನಂತೆ.

ಏಳಕ್ಕೆ ನಳದ ಹತ್ತಿರ ದುಂಡವ್ವ ಮಾವಶಿ ಕೊಡ ಇಟ್ಟು ಪದ್ಮವ್ವ ಕಾಕುಗೆ ಅಡ್ಡ ನಿಂತಳು.

"ಯಾಕ್ ಪದ್ಮವ್ವಾ, ನನ್ನ ಮಗಾ ಮ್ಯಾಲೆ ಬಂದಿದ್ದ ನೋಡೂದಾಗ್ಲಿಲ್ಲೇನ ನಿನಗ?"

"ನಾ ಏನ್ ಮಾಡೇನಿ?"

"ಅವತ್ತ ಮೊಬೈಲ್ ಹಿಡಕೊಂಡು ಕುಣ್ಯಾಕತ್ತಿದ್ದಾಕಿ ಯಾರು? ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ."

ಇಪ್ಪತ್ತೆರಡು ವರ್ಷದ ಗೆಳೆತನ. ಅಮರ ಹುಟ್ಟಿದಾಗ ಬಾಣಂತನ ಮಾಡಿದವಳು ಕಾಕು. ನಾನು ಪಾಳಿಯಲ್ಲಿ ಮೂರನೆಯವಳಾಗಿ ಕೊಡ ಹಿಡಿದು ನಿಂತಿದ್ದೆ. ಕಾಕು ನನ್ನ ಕಡೆ ಒಮ್ಮೆ ನೋಡಿ ನೀರು ತುಂಬಿಕೊಳ್ಳದೆ ಹೋದಳು. ನಾನು ನನ್ನ ಕೊಡ ತುಂಬಿಕೊಂಡು ಬಂದೆ. ಥೂ ನನ್ನ ಜನ್ಮಕ್ಕೆ.

ಪೇಜಲ್ಲಿ ಇದ್ದದ್ದು ಇದ್ದಂಗೆ ಬರೆದುಬಿಡಲೇ? ಮಾವಶಿ ಸೀರಿಯಲ್ ನಂಬಿ, ಮುತ್ತೈದೆ ಅಂದುಕೊಂಡು ಉಡಿ ತುಂಬಿದಳು ಅಂತ? ಅಮರ ಪಾರು, ಋತ್ವಿಜಾ ಪಾರು. ಆದರೆ ಮಾವಶಿ ಇಡೀ ಮಹಾರಾಷ್ಟ್ರಕ್ಕೆ ನಗೆಪಾಟಲು. ಬೇಡ. ಮೊದಲು ಮಾವಶಿಗೇ ಹೇಳಬೇಕು. ನಾಳೆ.

ಜನವರಿ 23, ಶುಕ್ರವಾರ

ಹೇಳಲಿಲ್ಲ.

2-1 ಗೆದ್ದೆವು. ಫೈನಲ್! ನಾನು ಕೂಗಲಿಲ್ಲ. ಗೋಲಿನಲ್ಲಿ ಸುಶಾಂತ. ಅಮರ ಬೆಂಚಿನ ಮೇಲೆ, ತಲೆ ಮೇಲೆ ಟವೆಲ್. ಕ್ಯಾಮರಾ ಅವನ ಮೇಲೇ. ಕಾಮೆಂಟ್ರಿಯವನು ಪ್ರೇಮದ ಜೋಕು ಹೊಡೆದ. ಟಿವಿ ಒಡೆಯಬೇಕು ಅನ್ನಿಸಿತು. ಮುಂದಿನ ಸೀಸನ್‌ಗೆ ಅವನನ್ನು ಇಟ್ಟುಕೊಳ್ಳಲ್ಲ ಅಂತ ಸುದ್ದಿ ಓಡುತ್ತಿದೆ.

ಪೇಜ್ 1,12,000. ನೋಟಿಫಿಕೇಶನ್ ಬಂದ್ ಮಾಡಿಟ್ಟೆ.

ಜನವರಿ 25, ಭಾನುವಾರ. ರಥಸಪ್ತಮಿ, ಸಂಜೆ 4

ಹಳದಿಕುಂಕುಮದ ಕೊನೆ ದಿನ. ಮಾವಶಿ ನನ್ನನ್ನೇ ಕಳಿಸಿದಳು, ಮನೆಮನೆಗೆ ಹೋಗಿ ಹೆಂಗಸರನ್ನು ಕರೆಯೋಕೆ. "ಪದ್ಮವ್ವನ ಮನಿ ಬಿಡು." ಬಿಟ್ಟು ಮುಂದೆ ಹೋದೆ. ಕಾಕು ಬಾಗಿಲಲ್ಲೇ ಕೂತು ಅವರೆ ಬಿಡಿಸುತ್ತಿದ್ದಳು. ಹೊಸ ಬಳೆ ತೊಟ್ಟಿದ್ದಳು. ಕರೆಯುತ್ತಾರೆ ಅಂತಲೇ ತೊಟ್ಟಿದ್ದು. ನನ್ನ ಕೈಲಿ ಇನ್ನು ಆಗಲ್ಲ.

ಸಂಜೆ 7.25. ಕಾಕು ಮನೆಯ ಕಟ್ಟೆ

ಹೆಗಲ ಚೀಲದಲ್ಲಿ ಈ ವಹಿ ಇತ್ತು, ಒಳ್ಳೆಯದಾಯಿತು. ಸುಮ್ಮನೆ ಕೂರೋಕಾಗಲ್ಲ, ಏನಾದರೂ ಬರೀಬೇಕು.

ಫೈನಲ್ 1-1. ಶೂಟೌಟ್. ಮ್ಯಾಚ್ ಬಿಟ್ಟು ಎದ್ದು ಬಂದೆ, ನಾನು! ಕಾಕು ಕತ್ತಲಲ್ಲೇ ಕೂತಿದ್ದಳು, ಟಿವಿ ಹಚ್ಚಿರಲಿಲ್ಲ.

"ಕಾಕು, ಆ ಫೋಟೊ ಹಾಕಿದಾಕಿ ನಾ."

"ಗೊತ್ತೈತಿ."

"ಅಂದ್ರ?"

"ನೀ ಒಲಿ ಮುಂದ ಕುಂತು ಹಾಕಾಕತ್ತಿದ್ದಿ. ನಾ ಹಿಂದ ನಿಂತಿದ್ನಿ."

"ಮತ್ತ ನಳದ ಹತ್ರ ಯಾಕ್ ಹೇಳ್ಲಿಲ್ರಿ?"

"ದುಂಡವ್ವ ನನ್ನ ಜತಿ ಜಗಳಾಡಿದ್ರ ನಾಳೆ ಕೂಡ್ತಾಳ. ನಿನ್ನ ಬಿಟ್ರ ಕಾಯಂ ಬಿಟ್ಳು. ಮರುದಿನಾನ ನೀನ ಬಂದು ಹೇಳ್ತಿ ಅಂದಕೊಂಡ್ನಿ. ನಾಕ್ ದಿನಾ ತಡಾ ಮಾಡಿದಿ ನೋಡು."

ನನಗೆ ಅಳು ತಡೆಯಲಿಲ್ಲ. ಒಬ್ಬಳೇ ಹೋಗಿ ಹೇಳುತ್ತೇನೆ ಅಂದೆ. "ಒಬ್ಬಾಕೀನ ಹೋದ್ರ ಹೊಡೀತಾಳ. ನಿಂದ್ರು, ಸೀರಿ ಬದಲಿಸಿ ಬರ್ತೇನಿ" ಅಂತ ಒಳಗೆ ಹೋಗಿದ್ದಾಳೆ.

ಗೌರವ ಗಲ್ಲಿಯ ಆ ತುದಿಯಿಂದ ಕೂಗುತ್ತಿದ್ದಾನೆ — ಶೂಟೌಟ್‌ಗೆ ಅಮರನನ್ನೇ ಇಳಿಸಿದ್ದಾರಂತೆ! ಎದುರಿಗೆ ಒಬ್ಬನೇ ಹೊಡೆಯುವವನು, ಎಂಟು ಸೆಕೆಂಡ್. ಒಂದು ತಡೆದ. ಇನ್ನೊಂದು ಬಿಟ್ಟ ಅನ್ನಿಸುತ್ತೆ, ಗಲ್ಲಿ ಸುಮ್ಮನಾಯಿತು.

ಒಳಗೆ ಬಳೆ ಸದ್ದು. ಕಾಕು ಬರುತ್ತಿದ್ದಾಳೆ. ಮಾವಶಿ ಮನೆ ಬಾಗಿಲು ತೆರೆದೇ ಇದೆ, ತುಂಬ ಹೆಂಗಸರು. ಮೊದಲ ಮಾತು ಬರೆದುಕೊಂಡರೆ ಹೇಳೋದು ಸುಲಭ ಆದೀತು. ಮಾವಶಿ, ಪದ್ಮವ್ವ ಕಾಕೂದು ಏನೂ ತಪ್ಪಿಲ್ರಿ. ಆ ಫೋಟೊ ಹಾಕಿದಾಕಿ